ಕೆಂಪು ದಾರದ ಆಚೆಗೆ: ಕಬ್ಬಾಲಾ ಅಂದರೆ ಏನು?



ಈ ಸಲದ ಪುಟವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮವನ್ನು ತಪ್ಪದೆ ಕೇಳುವವರಿಗೆ ನೆನಪಿರಬಹುದು. ಕೆಲವು ತಿಂಗಳ ಹಿಂದೆ ಠಾಣೆಯ ಕೇಳುಗರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಪ್ರಶ್ನೆ ಕಳಿಸಿದ್ದರು. "ಮಾಲ್‌ನಲ್ಲಿ ಒಂದು ಅಂಗಡಿಯವರು ಕೈಗೆ ಕಟ್ಟಿಕೊಳ್ಳುವ ಕೆಂಪು ದಾರ ಮಾರುತ್ತಿದ್ದಾರೆ. ಇದು ಕಬ್ಬಾಲಾ ದಾರ, ದೃಷ್ಟಿ ತಾಗುವುದಿಲ್ಲ, ಹೆಸರಿನ ಸಂಖ್ಯೆಯನ್ನೂ ನೋಡಿ ಹೇಳುತ್ತೇವೆ ಎನ್ನುತ್ತಾರೆ. ಏನಿದು ಕಬ್ಬಾಲಾ?"

ಮುಂದಿನ ಹಾಡಿಗೆ ಅರ್ಧ ನಿಮಿಷ ಬಾಕಿ ಇತ್ತು. ಮೈಕ್ ಮುಂದೆ ಕುಳಿತವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ: ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಹೊರಳುವುದಿಲ್ಲ. "ಅದು ಯಹೂದಿಗಳ ಒಂಥರಾ ಮಾಟಮಂತ್ರ" ಎಂದುಬಿಟ್ಟೆ. ನಕ್ಕೆ. ಹಾಡು ಹಾಕಿದೆ.

ಹಾಡು ಮುಗಿಯುವ ಮೊದಲೇ ಸ್ಟುಡಿಯೋದ ಫೋನ್ ಬಂತು. ಆ ಕಡೆಯಿಂದ ಒಬ್ಬ ಹಿರಿಯರ ದನಿ, ಅಪ್ಪಟ ಹುಬ್ಬಳ್ಳಿ ಕನ್ನಡ.

"ನಮಸ್ಕಾರ್ರೀ. ನಾ ಹುಬ್ಬಳ್ಳ್ಯಾಗ ಬೆಳೆದಾಂವ. ನಮ್ಮಪ್ಪ ರೈಲ್ವೇದಾಗ ಇದ್ರು. ನಾವು ಯಹೂದಿ ಮಂದಿ. ನೀವು ಈಗ ಮಾಟ ಅಂದ್ರಲ್ಲ, ಅದನ್ನ ನಿಮಗ ಯಾರರ ಹೇಳಿದ್ರೋ, ಇಲ್ಲಾ ನೀವ ಎಲ್ಲೆರೆ ಓದಿದ್ರೋ?"

ಯಾರೂ ಹೇಳಿರಲಿಲ್ಲ. ಎಲ್ಲೂ ಓದಿರಲೂ ಇಲ್ಲ. ನಾನು ಸುಮ್ಮನಾದೆ.

"ನೋಡವಾ ತಂಗಿ, ನಾವು ಈ ದೇಶದಾಗ ಇರೋದ ಕೆಲವು ಸಾವಿರ ಮಂದಿ. ರೇಡಿಯೋದಾಗ ಬಂತು ಅಂದ್ರ ಕೇಳಿದವರು ಖರೇ ಅಂತಾರ. ಅವರನ್ನ ಒಬ್ಬೊಬ್ಬರನ್ನ ಹುಡುಕಿ ತಿದ್ದಾಕ ನಮಗ ಆಗೂದಿಲ್ಲ."

ಕೇಳುಗರೇ, ಈ ಮಾತು ನನಗೆ ಏಕೆ ನಾಟಿತು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮುಂಬಯಿಯಲ್ಲಿ ಮೂರು ತಲೆಮಾರಿನಿಂದ ಬದುಕಿದರೂ 'ಮದ್ರಾಸಿ' ಎಂದು ಒಂದೇ ಪದದಲ್ಲಿ ಕರೆಸಿಕೊಂಡವರು ನಾವು. ಬೇರೆಯವರನ್ನು ನಾನೂ ಹಾಗೆಯೇ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೆ. ಅಂದಿನಿಂದ ಬಿಡುವಾದಾಗಲೆಲ್ಲ ಓದಿದೆ, ಕೇಳಿದೆ. ನಾನು ಹೊರಗಿನವಳು, ಹೀಬ್ರೂ ಬಾರದವಳು. ಆದರೂ ಅಂದು ಅರ್ಧ ನಿಮಿಷದಲ್ಲಿ ಹೇಳಬಾರದಿದ್ದುದನ್ನು ಇಲ್ಲಿ ಸ್ವಲ್ಪ ಸಮಾಧಾನವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಪಡೆದುಕೊಂಡದ್ದು

ಕಬ್ಬಾಲಾ ಎಂಬ ಹೀಬ್ರೂ ಮಾತಿನ ಅರ್ಥ 'ಪಡೆದುಕೊಂಡದ್ದು', ಅಂದರೆ ಗುರುವಿನಿಂದ ಶಿಷ್ಯನಿಗೆ ದಾಟಿ ಬಂದದ್ದು. ಅದು ಪ್ರತ್ಯೇಕ ಧರ್ಮವಲ್ಲ, ಪಂಥವೂ ಅಲ್ಲ. ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾವನ್ನು ಆಳವಾಗಿ ಓದುವ ಒಂದು ದಾರಿ, ಆ ಓದಿಗೆ ಅಂಟಿಕೊಂಡ ಪ್ರಾರ್ಥನೆ, ಧ್ಯಾನ ಮತ್ತು ನಡವಳಿಕೆ.

ತೋರಾದ ಒಂದು ಸಾಲನ್ನು ನಾಲ್ಕು ಮಟ್ಟದಲ್ಲಿ ಓದಬಹುದು ಎಂದು ಮಧ್ಯಯುಗದ ಯಹೂದಿ ವಿದ್ವಾಂಸರು ಹೇಳಿದರು. ಮೊದಲನೆಯದು ನೇರ ಅರ್ಥ, ಪೆಶಾತ್. ಎರಡನೆಯದು ಸೂಚನೆ, ರೆಮೆಜ್. ಮೂರನೆಯದು ನೀತಿ, ಕಥೆಗಳ ಮೂಲಕ ಬಿಡಿಸುವ ವ್ಯಾಖ್ಯಾನ, ದೆರಾಶ್. ನಾಲ್ಕನೆಯದು ಗುಟ್ಟು, ಸೋದ್. ಈ ನಾಲ್ಕರ ಮೊದಲ ವ್ಯಂಜನಗಳನ್ನು ಕೂಡಿಸಿದರೆ ಹೀಬ್ರೂವಿನಲ್ಲಿ 'ಪರ್ದೇಸ್' ಎಂದಾಗುತ್ತದೆ. ಪರ್ದೇಸ್ ಎಂದರೆ ಹಣ್ಣಿನ ತೋಟ. ಕಬ್ಬಾಲಾ ಇರುವುದು ನಾಲ್ಕನೆಯ ಮಟ್ಟದಲ್ಲಿ. ಮೊದಲ ಮೂರನ್ನು ದಾಟದೆ ನಾಲ್ಕನೆಯದಕ್ಕೆ ಜಿಗಿಯುವಂತಿಲ್ಲ ಎಂಬುದು ಸಂಪ್ರದಾಯದ ನಿಲುವು.

ಇದೇ ತೋಟದ ಬಗ್ಗೆ ಯಹೂದಿಗಳ ದೊಡ್ಡ ಗ್ರಂಥ ತಾಲ್ಮುದ್‌ನಲ್ಲಿ ಒಂದು ಪುಟ್ಟ ಕಥೆಯಿದೆ. ನಾಲ್ವರು ಪಂಡಿತರು ತೋಟದೊಳಕ್ಕೆ ಹೋದರು. ಒಬ್ಬನು ನೋಡಿ ಸತ್ತ. ಇನ್ನೊಬ್ಬನು ನೋಡಿ ಬುದ್ಧಿ ಕೆಟ್ಟ. ಮೂರನೆಯವನು ಎಳೆ ಸಸಿಗಳನ್ನು ಕಡಿದ, ಅಂದರೆ ನಂಬಿಕೆಯನ್ನೇ ತೊರೆದ. ರಬ್ಬಿ ಅಕೀವಾ ಒಬ್ಬರೇ ಕ್ಷೇಮವಾಗಿ ಹೊರಬಂದರು. ರಬ್ಬಿ ಎಂದರೆ ಧರ್ಮಗುರು. ಗಮನಿಸಿ, ಈ ಕಥೆಯಲ್ಲಿ ಒಳಗೆ ಹೋದವರು ಯಾರೂ ಹೊರಗಿನವರಲ್ಲ. ನಾಲ್ವರೂ ಆ ಧರ್ಮವನ್ನು ಅರೆದು ಕುಡಿದವರು. ಅಂಥವರಿಗೇ ಹೀಗಾಯಿತು ಎಂಬುದು ಕಥೆಯ ಎಚ್ಚರಿಕೆ. ಮಾಲ್‌ನಲ್ಲಿ ಹತ್ತು ನಿಮಿಷದಲ್ಲಿ ಸಿಗುವ ಕಬ್ಬಾಲಾ ಯಾವ ಬಗೆಯದೆಂದು ಇಲ್ಲಿಂದಲೇ ಅನುಮಾನ ಪಡಬಹುದು.

ಅಕ್ಷರವೇ ಅಂಕಿ

ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ದೇವರು ಜಗತ್ತನ್ನು ಕೈಯಿಂದ ಮಾಡುವುದಿಲ್ಲ, ಮಾತಿನಿಂದ ಮಾಡುತ್ತಾನೆ. ಹಾಗಾದರೆ ಮಾತು ಮತ್ತು ಅಕ್ಷರಗಳೇ ಸೃಷ್ಟಿಯ ಸಾಮಗ್ರಿಯಲ್ಲವೇ? ಈ ಪ್ರಶ್ನೆಯನ್ನು ಹಿಡಿದು ಹೊರಟ ಬಹಳ ಹಳೆಯ, ತೀರಾ ಚಿಕ್ಕ ಪುಸ್ತಕ 'ಸೆಫೆರ್ ಯೆತ್ಸಿರಾ', ಅಂದರೆ ಸೃಷ್ಟಿಯ ಪುಸ್ತಕ. ಹೀಬ್ರೂವಿನ ೨೨ ಅಕ್ಷರಗಳು, ೧೦ ಮೂಲ ಸಂಖ್ಯೆಗಳು, ಒಟ್ಟು ೩೨ ದಾರಿಗಳಿಂದ ಲೋಕ ಉಂಟಾಯಿತು ಎಂದು ಅದು ವಿವರಿಸುತ್ತದೆ.

ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ಅಲೆಫ್ ಎಂದರೆ ೧, ಬೆತ್ ಎಂದರೆ ೨, ಯೋದ್ ಎಂದರೆ ೧೦. ಹೀಗಾಗಿ ಪ್ರತಿ ಪದಕ್ಕೂ ಒಂದು ಮೊತ್ತ ಬರುತ್ತದೆ. ಒಂದೇ ಮೊತ್ತದ ಎರಡು ಪದಗಳನ್ನು ಜೋಡಿಸಿ ಅರ್ಥ ಹುಡುಕುವ ಕ್ರಮಕ್ಕೆ ಗೆಮಾತ್ರಿಯಾ ಎಂದು ಹೆಸರು. 'ಅಹವಾ' ಎಂದರೆ ಪ್ರೀತಿ, ಅದರ ಮೊತ್ತ ೧೩. 'ಎಹಾದ್' ಎಂದರೆ ಒಂದು, ಅದರ ಮೊತ್ತವೂ ೧೩. ಎರಡೂ ಸೇರಿದರೆ ೨೬. ಯಹೂದಿಗಳು ಬಾಯಿಬಿಟ್ಟು ಉಚ್ಚರಿಸದ, ನಾಲ್ಕು ಅಕ್ಷರಗಳ ದೇವರ ಹೆಸರಿನ ಮೊತ್ತವೂ ೨೬. ಪ್ರೀತಿ ಮತ್ತು ಏಕತೆ ಕೂಡಿದಲ್ಲಿ ದೇವರು ಎಂಬ ಅರ್ಥ ಇಲ್ಲಿ ಹುಟ್ಟುತ್ತದೆ. 'ಹಾಯ್' ಎಂದರೆ ಜೀವ, ಮೊತ್ತ ೧೮. ಅದಕ್ಕೇ ಯಹೂದಿಗಳಲ್ಲಿ ಹಲವರು ಮುಯ್ಯಿ ಅಥವಾ ದಾನ ಕೊಡುವಾಗ ೧೮, ೩೬ ಹೀಗೆ ಲೆಕ್ಕ ಹಿಡಿದು ಕೊಡುತ್ತಾರೆ.

ನಮ್ಮ ಕಾರ್ಯಕ್ರಮದ ಸಂಗೀತಪ್ರಿಯರಿಗೆ ಇದು ಪೂರ್ತಿ ಹೊಸದೇನಲ್ಲ. ಕರ್ನಾಟಕ ಸಂಗೀತದ ೭೨ ಮೇಳಕರ್ತ ರಾಗಗಳ ಸಂಖ್ಯೆಯನ್ನು ಹೆಸರಿನಿಂದಲೇ ಕಂಡುಹಿಡಿಯುವ ಕಟಪಯಾದಿ ಸೂತ್ರ ನೆನಪಿಸಿಕೊಳ್ಳಿ. ಮೇಚಕಲ್ಯಾಣಿಯಲ್ಲಿ 'ಮ' ಎಂದರೆ ೫, 'ಚ' ಎಂದರೆ ೬, ತಿರುಗಿಸಿ ಓದಿದರೆ ೬೫ನೇ ಮೇಳ. ಅಕ್ಷರದಲ್ಲಿ ಅಂಕಿ ಅಡಗಿಸುವ ಆಟ ಎರಡೂ ಕಡೆ ಇದೆ. ಆದರೆ ಉದ್ದೇಶ ಬೇರೆ. ಕಟಪಯಾದಿ ನೆನಪಿಟ್ಟುಕೊಳ್ಳಲು ಇರುವ ಉಪಾಯ. ಗೆಮಾತ್ರಿಯಾ ಧರ್ಮಗ್ರಂಥದ ಒಂದು ಪದದಿಂದ ಇನ್ನೊಂದು ಪದಕ್ಕೆ ಸೇತುವೆ ಕಟ್ಟುವ ಓದು. ನಿಮ್ಮ ಹೆಸರಿಗೆ ಇನ್ನೊಂದು 'ಅ' ಸೇರಿಸಿದರೆ ಬಡ್ತಿ ಸಿಗುತ್ತದೆ ಎಂಬ ಮಾತಿಗೂ ಈ ಓದಿಗೂ ಬಹಳ ದೂರ.

ಹೆಸರು ಬಚ್ಚಿಟ್ಟ ಪುಸ್ತಕ

ಕಬ್ಬಾಲಾದ ಅತಿ ಮುಖ್ಯ ಗ್ರಂಥ 'ಜೋಹರ್'. ಪ್ರಭೆ ಎಂದು ಅರ್ಥ. ಇದು ಬೆಳಕಿಗೆ ಬಂದದ್ದು ೧೩ನೇ ಶತಮಾನದ ಕೊನೆಯಲ್ಲಿ, ಸ್ಪೇನಿನ ಕಸ್ಟೀಲ್ ಪ್ರಾಂತ್ಯದಲ್ಲಿ. ಭಾಷೆ ಬಹುತೇಕ ಅರಾಮಿಕ್. ಎರಡನೇ ಶತಮಾನದ ರಬ್ಬಿ ಶಿಮೋನ್ ಬಾರ್ ಯೋಹಾಯ್ ಮತ್ತು ಅವರ ಸಂಗಡಿಗರು ಊರೂರು ಅಲೆಯುತ್ತ, ಮರದ ನೆರಳಲ್ಲಿ ಕುಳಿತು ತೋರಾದ ಬಗ್ಗೆ ಮಾತಾಡುವಂತೆ ಅದರ ರಚನೆಯಿದೆ. ರೋಮನ್ನರಿಗೆ ಹೆದರಿ ಮಗನೊಡನೆ ೧೩ ವರ್ಷ ಗುಹೆಯಲ್ಲಿ ಅಡಗಿದ್ದರು ಎಂದು ತಾಲ್ಮುದ್ ಹೇಳುವ ರಬ್ಬಿ ಇವರೇ.

ಜೋಹರ್‌ನ ಹಸ್ತಪ್ರತಿಗಳನ್ನು ಹಂಚುತ್ತಿದ್ದವರು ಮೋಶೆ ದೆ ಲೆಯೋನ್ ಎಂಬ ಸ್ಪೇನಿನ ಪಂಡಿತ. ತನ್ನ ಬಳಿ ಪುರಾತನ ಮೂಲಪ್ರತಿ ಇದೆ, ಅದನ್ನು ನಕಲು ಮಾಡಿ ಕೊಡುತ್ತಿದ್ದೇನೆ ಎನ್ನುತ್ತಿದ್ದರು. ಅಕ್ಕೋ ಪಟ್ಟಣದ ಇಸಾಕ್ ಎಂಬ ಇನ್ನೊಬ್ಬ ಪಂಡಿತರು ಆ ಮೂಲವನ್ನು ನೋಡಲೇಬೇಕೆಂದು ಸ್ಪೇನಿಗೆ ಬಂದರು. ತೋರಿಸುತ್ತೇನೆ ಎಂದು ಮಾತು ಕೊಟ್ಟ ಮೋಶೆ ೧೩೦೫ರಲ್ಲಿ ದಾರಿಯಲ್ಲೇ ತೀರಿಕೊಂಡರು. ಇಸಾಕ್ ವಿಚಾರಿಸುತ್ತ ಹೋದಾಗ ಒಂದು ಕಥೆ ಕಿವಿಗೆ ಬಿತ್ತು. ಮೂಲಪ್ರತಿ ಕೊಟ್ಟರೆ ನಿನ್ನ ಮಗಳನ್ನು ನಮ್ಮ ಮನೆಗೆ ಸೊಸೆಯಾಗಿ ತಂದುಕೊಳ್ಳುತ್ತೇವೆ ಎಂದು ಶ್ರೀಮಂತ ಮನೆತನದವರೊಬ್ಬರು ಮೋಶೆಯ ವಿಧವೆಗೆ ಹೇಳಿಕಳಿಸಿದರಂತೆ. ಬಡವಿ ಆಕೆ. ಆದರೂ ಇದ್ದದ್ದನ್ನೇ ಹೇಳಿದಳಂತೆ: ಅಂಥ ಪುಸ್ತಕ ಇರಲೇ ಇಲ್ಲ, ನನ್ನ ಗಂಡ ಎಲ್ಲವನ್ನೂ ತನ್ನ ತಲೆಯಿಂದಲೇ ಬರೆದ. ಸ್ವಂತ ಹೆಸರಲ್ಲಿ ಬರೆದರೆ ಯಾರೂ ಕಾಸು ಕೊಡುವುದಿಲ್ಲ, ಹಿಂದಿನ ಋಷಿಯ ಹೆಸರಲ್ಲಿ ಬರೆದರೆ ಕೊಡುತ್ತಾರೆ ಎನ್ನುತ್ತಿದ್ದ.

ಇಸಾಕ್ ಬರೆದ ಈ ದಿನಚರಿ ಪೂರ್ತಿ ಉಳಿದಿಲ್ಲ. ನಂತರದ ಪುಸ್ತಕವೊಂದರಲ್ಲಿ ಸಿಗುವ ಭಾಗ ಅವರ ತೀರ್ಮಾನಕ್ಕೆ ಮುಂಚೆಯೇ ನಿಂತುಹೋಗುತ್ತದೆ. ಇಂದಿನ ಸಂಶೋಧಕರಲ್ಲಿ ಹೆಚ್ಚಿನವರು ಜೋಹರ್ ೧೩ನೇ ಶತಮಾನದ ಸ್ಪೇನಿನದೇ ಎನ್ನುತ್ತಾರೆ. ಮೋಶೆ ಒಬ್ಬರದೋ ಅಥವಾ ಒಂದು ಗೆಳೆಯರ ಬಳಗದ್ದೋ ಎಂಬ ಚರ್ಚೆ ನಡೆದೇ ಇದೆ. ಸಂಪ್ರದಾಯಸ್ಥರಿಗೆ ಅದು ಶಿಮೋನ್ ಬಾರ್ ಯೋಹಾಯ್ ಅವರದೇ. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಬೇರೆ. ಬರೆದವರು ಯಾರೇ ಇರಲಿ, ಒಂದು ಜನ ಆ ಪುಸ್ತಕವನ್ನು ಏಳು ನೂರು ವರ್ಷ ಎದೆಗೊತ್ತಿಕೊಂಡು ಓದಿದೆ.

ಹತ್ತು ದೀಪಗಳು

ಜೋಹರ್ ಮತ್ತು ಅದರ ಸುತ್ತಿನ ಗ್ರಂಥಗಳು ಬಿಡಿಸಲು ಹೊರಟ ತೊಡಕು ಇದು: ದೇವರು ಅನಂತ, ನಿರಾಕಾರ, ಮಾತಿಗೆ ಸಿಗದವನು. ಹಾಗಿದ್ದರೆ ಅಳುವ, ನಗುವ, ಕಾಯಿಲೆ ಬೀಳುವ ಈ ಲೋಕಕ್ಕೂ ಅವನಿಗೂ ಏನು ಸಂಬಂಧ?

ಕಬ್ಬಾಲಾದವರು ಆ ಅನಂತಕ್ಕೆ 'ಐನ್ ಸೋಫ್' ಎಂದರು. ಕೊನೆಯಿಲ್ಲದ್ದು ಎಂದರ್ಥ. ಅದರ ಬಗ್ಗೆ ಏನನ್ನೂ ಹೇಳಲಾಗದು. ಆದರೆ ಅದರಿಂದ ಹತ್ತು ಶಕ್ತಿಗಳು ಹೊರಹೊಮ್ಮುತ್ತವೆ. ಇವೇ ಸೆಫಿರೋತ್. ಕೆತೆರ್ (ಕಿರೀಟ), ಹೊಖ್ಮಾ (ವಿವೇಕ), ಬೀನಾ (ತಿಳಿವಳಿಕೆ), ಹೆಸೆದ್ (ಕೃಪೆ), ಗೆವುರಾ (ಬಲ, ನ್ಯಾಯದ ಬಿಗಿ), ತಿಫೆರೆತ್ (ಚೆಲುವು), ನೆತ್ಸಾಹ್ (ಬಾಳಿಕೆ), ಹೋದ್ (ವೈಭವ), ಯೆಸೋದ್ (ಬುನಾದಿ), ಮಲ್ಖುತ್ (ರಾಜ್ಯ). ಚಿತ್ರಗಳಲ್ಲಿ ಇವನ್ನು ಗೆರೆಗಳಿಂದ ಜೋಡಿಸಿ ಮರದಂತೆ ಬರೆಯುತ್ತಾರೆ. ಟೀ ಶರ್ಟುಗಳ ಮೇಲೂ ನೀವು ಆ ಚಿತ್ರ ನೋಡಿರಬಹುದು.

ಹತ್ತು ಬೇರೆ ಬೇರೆ ದೇವತೆಗಳು ಎಂದು ನಮ್ಮ ಕಣ್ಣಿಗೆ ಕಂಡೀತು. ಹಾಗಲ್ಲ ಎಂದು ಕಬ್ಬಾಲಾದವರು ಒತ್ತಿ ಹೇಳುತ್ತಾರೆ. ಬಣ್ಣ ಬಣ್ಣದ ಗಾಜಿನ ಪಾತ್ರೆಗಳಲ್ಲಿ ನೀರು ಸುರಿದರೆ ನೀರು ಬಣ್ಣ ಪಡೆದಂತೆ ಕಾಣುತ್ತದೆ, ನೀರು ಮಾತ್ರ ಒಂದೇ ಎಂಬ ಹೋಲಿಕೆಯನ್ನು ೧೬ನೇ ಶತಮಾನದ ಮೋಶೆ ಕೊರ್ಡೊವೆರೊ ಕೊಡುತ್ತಾರೆ.

ಇಲ್ಲಿ ಎರಡು ವಿಷಯ ಗಮನಿಸಿ. ಕೃಪೆ ಮತ್ತು ಬಿಗಿ ಎದುರು ಬದುರು ಇರುವ ಶಕ್ತಿಗಳು. ಬರೀ ಕೃಪೆಯಾದರೆ ಲೋಕಕ್ಕೆ ಹದ್ದುಬಸ್ತಿಲ್ಲ, ಬರೀ ಬಿಗಿಯಾದರೆ ಲೋಕ ಉಳಿಯುವುದಿಲ್ಲ. ಕೃಪೆಯಿಂದ ಕಳಚಿಕೊಂಡ ಬಿಗಿಯೇ ಕೆಡುಕಿನ ಬೇರು ಎಂದು ಜೋಹರ್ ಕಾಣುತ್ತದೆ. ಎರಡನೆಯದು, ಕೊನೆಯ ಸೆಫಿರಾ ಮಲ್ಖುತ್. ಅದಕ್ಕೆ ಶೆಖಿನಾ ಎಂಬ ಹೆಸರೂ ಇದೆ. ಜನರ ನಡುವೆ ನೆಲೆಸಿರುವ ದೇವರ ಸಾನ್ನಿಧ್ಯ ಅದು. ಕಬ್ಬಾಲಾ ಅದನ್ನು ಹೆಣ್ಣಾಗಿ, ರಾಣಿಯಾಗಿ, ವಧುವಾಗಿ ಕಾಣುತ್ತದೆ. ಜನ ಊರು ಬಿಟ್ಟು ಗಡೀಪಾರಾದಾಗ ಅವಳೂ ಅವರ ಜೊತೆ ಗಡೀಪಾರಾಗಿ ಅಲೆಯುತ್ತಾಳೆ. ಪರಊರಿನಲ್ಲಿ ಬದುಕು ಕಟ್ಟಿಕೊಂಡವರಿಗೆ ಈ ಕಲ್ಪನೆ ಎಷ್ಟು ಹತ್ತಿರದ್ದು, ಅಲ್ಲವೇ?

ಒಡೆದ ಪಾತ್ರೆ

೧೪೯೨ರಲ್ಲಿ ಸ್ಪೇನಿನ ರಾಜ ದಂಪತಿ ಒಂದು ಆಜ್ಞೆ ಹೊರಡಿಸಿದರು. ಯಹೂದಿಗಳು ಕ್ರೈಸ್ತರಾಗಬೇಕು, ಇಲ್ಲವೇ ದೇಶ ಬಿಡಬೇಕು. ನೂರಾರು ವರ್ಷ ಬಾಳಿದ ಮನೆ, ಗ್ರಂಥಾಲಯ, ಸ್ಮಶಾನಗಳನ್ನು ಬಿಟ್ಟು ಜನ ಹೊರಟರು. ಅವರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಸೇರಿದ ಊರುಗಳಲ್ಲಿ ಒಂದು, ಅಂದಿನ ತುರ್ಕಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲಿಲಾಯದ ಗುಡ್ಡದ ಮೇಲಿನ ಸಫೆದ್. ೧೬ನೇ ಶತಮಾನದ ಸಫೆದ್‌ನಲ್ಲಿ ಎಂಥೆಂಥವರಿದ್ದರು ನೋಡಿ: ಯಹೂದಿ ಧರ್ಮಶಾಸ್ತ್ರದ ಸಂಹಿತೆ 'ಶುಲ್ಹಾನ್ ಅರುಖ್' ಬರೆದ ಯೋಸೆಫ್ ಕಾರೊ, ಆಗಲೇ ಹೇಳಿದ ಕೊರ್ಡೊವೆರೊ, ಕವಿ ಶ್ಲೋಮೋ ಅಲ್ಕಬೆಟ್ಸ್. ೧೫೭೦ರ ಸುಮಾರಿಗೆ ಈಜಿಪ್ಟಿನಿಂದ ಅಲ್ಲಿಗೆ ಬಂದವರು ಇಸಾಕ್ ಲೂರಿಯಾ. ೧೫೭೨ರಲ್ಲಿ ಸಾಂಕ್ರಾಮಿಕ ರೋಗಕ್ಕೆ ತುತ್ತಾಗಿ ೩೮ನೇ ವಯಸ್ಸಿಗೆ ತೀರಿಕೊಂಡರು. ಅವರು ತಾವಾಗಿ ಬರೆದದ್ದು ಬಹಳ ಕಡಿಮೆ. ಶಿಷ್ಯ ಹಯ್ಯಿಮ್ ವಿಟಾಲ್ ಮತ್ತಿತರರು ಬರೆದಿಟ್ಟ ಅವರ ಮಾತು ಕಬ್ಬಾಲಾದ ದಿಕ್ಕನ್ನೇ ಬದಲಿಸಿತು.

ಲೂರಿಯಾ ಹೇಳಿದ ಸೃಷ್ಟಿಯ ಕಥೆಗೆ ಮೂರು ಹೆಜ್ಜೆಗಳು. ಮೊದಲನೆಯದು ತ್ಸಿಮ್‌ತ್ಸುಮ್, ಸಂಕೋಚ. ಎಲ್ಲ ಕಡೆ ದೇವರೇ ತುಂಬಿದ್ದರೆ ಲೋಕಕ್ಕೆ ಜಾಗವೆಲ್ಲಿ? ಅದಕ್ಕೆ ಅನಂತವು ತನ್ನನ್ನು ತಾನೇ ಹಿಂದಕ್ಕೆಳೆದುಕೊಂಡು ಒಂದಿಷ್ಟು ತೆರವು ಮಾಡಿಕೊಟ್ಟಿತು. ಎರಡನೆಯದು ಪಾತ್ರೆಗಳ ಒಡೆಯುವಿಕೆ. ಆ ತೆರವಿನೊಳಗೆ ಹರಿದ ಬೆಳಕನ್ನು ಹಿಡಿಯಲು ಪಾತ್ರೆಗಳಿದ್ದವು. ಮೇಲಿನ ಮೂರು ತಾಳಿಕೊಂಡವು, ಕೆಳಗಿನವು ತಾಳಲಾರದೆ ಒಡೆದವು. ಬೆಳಕಿನ ಕಿಡಿಗಳು ಚೂರುಗಳ ಜೊತೆ ಚದುರಿ ಬಿದ್ದವು. ಮೂರನೆಯದು ತಿಕ್ಕುನ್, ಸರಿಪಡಿಸುವಿಕೆ. ಚದುರಿದ ಕಿಡಿಗಳನ್ನು ಎತ್ತಿ ಮತ್ತೆ ಅವುಗಳ ಜಾಗಕ್ಕೆ ಸೇರಿಸುವುದು ಮನುಷ್ಯನ ಕೆಲಸ. ಅದಕ್ಕೆ ಪ್ರಾರ್ಥನೆ, ಧರ್ಮದ ಕಟ್ಟಳೆ ಬೇಕು. ಊಟದ ಮುನ್ನ ಹೇಳುವ ಒಂದು ವಂದನೆ ಕೂಡ ಆ ಕೆಲಸದಲ್ಲಿ ಲೆಕ್ಕಕ್ಕೆ ಬರುತ್ತದೆ.

ಸ್ಪೇನಿನ ಗಡೀಪಾರಿನ ನೋವೇ ಈ ಕಥೆಯಾಗಿ ರೂಪ ಪಡೆಯಿತು ಎಂದು ೨೦ನೇ ಶತಮಾನದ ವಿದ್ವಾಂಸ ಗೆರ್ಶೋಮ್ ಶೋಲೆಮ್ ವಾದಿಸಿದರು. ಅಷ್ಟು ನೇರ ಸಂಬಂಧ ಕಲ್ಪಿಸುವುದು ಸರಿಯಲ್ಲ ಎಂದು ಮೋಶೆ ಇದೆಲ್‌ರಂಥ ನಂತರದವರು ಆಕ್ಷೇಪಿಸಿದ್ದಾರೆ. ಅದೇನೇ ಇರಲಿ, ಒಂದು ಮಾತಂತೂ ನಿಜ. ಈ ಕಥೆಯಲ್ಲಿ ಒಡಕು ನಿಮ್ಮ ತಪ್ಪಿನಿಂದ ಆದದ್ದಲ್ಲ, ಲೋಕ ಹುಟ್ಟುವಾಗಲೇ ಆದದ್ದು. ಆದರೆ ಸರಿಪಡಿಸುವ ಹೊಣೆ ಮಾತ್ರ ನಿಮ್ಮದು. ಅದೃಷ್ಟ ತಂದುಕೊಡುವ ವಿದ್ಯೆ ಎಂದು ಮಾರುವವರು ಮರೆಸುವುದು ಇದನ್ನೇ. ಕಬ್ಬಾಲಾ ಕೇಳುವುದು ನಿಮಗೆ ಏನು ಸಿಗುತ್ತದೆ ಎಂದಲ್ಲ, ನೀವು ಏನನ್ನು ಎತ್ತಿಡುತ್ತೀರಿ ಎಂದು.

ನಲವತ್ತರ ನಿಯಮ

ಕಬ್ಬಾಲಾ ಓದಲು ನಲವತ್ತಾಗಿರಬೇಕು ಎಂಬ ಮಾತನ್ನು ಕೆಲವರು ಕೇಳಿರಬಹುದು. ಅದರ ಹಿಂದೆ ಒಂದು ಗಾಯವಿದೆ. ೧೬೬೫ರಲ್ಲಿ ಗಾಜಾದ ನಾಥಾನ್ ಎಂಬ ತರುಣ ಕಬ್ಬಾಲಿಗ, ಇಜ್ಮಿರ್ ಊರಿನ ಶಬ್ಬತಾಯ್ ತ್ಸೆವಿ ಎಂಬಾತನೇ ಬರಲಿರುವ ರಕ್ಷಕ, ಮೆಸ್ಸಾಯ ಎಂದು ಸಾರಿದ. ಲೂರಿಯಾನ ಮಾತುಗಳನ್ನೇ ಆಧಾರ ಮಾಡಿಕೊಂಡ. ಯೆಮನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ ಯಹೂದಿಗಳು ಹುಚ್ಚೆದ್ದು ನಂಬಿದರು. ಕೆಲವರು ಆಸ್ತಿ ಮಾರಿ ಗಂಟುಮೂಟೆ ಕಟ್ಟಿ ಕಾದರು. ೧೬೬೬ರಲ್ಲಿ ತುರ್ಕಿಯ ಸುಲ್ತಾನನ ಮುಂದೆ ನಿಂತ ಶಬ್ಬತಾಯ್ ಪ್ರಾಣಭಯದಿಂದ ಮತಾಂತರಗೊಂಡ. ನಂಬಿದವರು ಕುಸಿದುಹೋದರು.

ಆತನ ಹೆಸರಲ್ಲಿ ಗುಟ್ಟಾಗಿ ಉಳಿದ ಗುಂಪುಗಳು ಮುಂದಿನ ಶತಮಾನದಲ್ಲೂ ಗಲಭೆ ಎಬ್ಬಿಸಿದಾಗ, ೧೭೫೬ರಲ್ಲಿ ಪೂರ್ವ ಯೂರೋಪಿನ ಬ್ರೋದಿ ಪಟ್ಟಣದಲ್ಲಿ ಸೇರಿದ ರಬ್ಬಿಗಳು ಕಟ್ಟಪ್ಪಣೆ ಮಾಡಿದರು: ಜೋಹರ್ ಓದಲು ಮೂವತ್ತು ತುಂಬಿರಬೇಕು, ಲೂರಿಯಾನ ಬೋಧನೆ ಓದಲು ನಲವತ್ತು. ನನಗಿನ್ನೂ ನಲವತ್ತಾಗಿಲ್ಲ, ಆ ಲೆಕ್ಕದಲ್ಲಿ ನಾನು ಅರ್ಧ ದಾರಿಯಲ್ಲಿದ್ದೇನೆ! ತಮಾಷೆ ಇರಲಿ, ಎಲ್ಲ ಸಮುದಾಯಗಳೂ ಈ ನಿಯಮವನ್ನು ಒಂದೇ ರೀತಿ ಪಾಲಿಸಲಿಲ್ಲ. ಆದರೆ ಗುಟ್ಟು ಎಂಬುದು ಬಿಂಕಕ್ಕಾಗಿ ಇಟ್ಟದ್ದಲ್ಲ, ಸುಟ್ಟುಕೊಂಡ ಮೇಲೆ ಬಂದ ಎಚ್ಚರ ಎಂಬುದು ಇದರಿಂದ ತಿಳಿಯುತ್ತದೆ.

ಹೊರಗಿನವರ ಕುತೂಹಲ

ಹೊರಗಿನವರು ಕಬ್ಬಾಲಾದ ಬಾಗಿಲು ತಟ್ಟಿದ್ದು ಇಂದು ನಿನ್ನೆಯಲ್ಲ. ೧೪೮೬ರಲ್ಲಿ ಇಟಲಿಯ ತರುಣ ಪಂಡಿತ ಪಿಕೊ ದೆಲ್ಲಾ ಮಿರಾಂದೊಲಾ ಚರ್ಚೆಗಾಗಿ ೯೦೦ ಪ್ರಮೇಯಗಳನ್ನು ಪ್ರಕಟಿಸಿದ. ಅದರಲ್ಲಿ ಕಬ್ಬಾಲಾವೂ ಇತ್ತು. ಆದರೆ ಅವನ ಉದ್ದೇಶ ಯಹೂದಿಗಳನ್ನು ಅರಿಯುವುದಲ್ಲ, ಅವರ ಗ್ರಂಥಗಳಿಂದಲೇ ತನ್ನ ಕ್ರೈಸ್ತ ಮತವನ್ನು ಸಾಬೀತು ಮಾಡುವುದು. ಜರ್ಮನಿಯ ಯೋಹಾನ್ನೆಸ್ ರೋಯ್ಖ್ಲಿನ್ ಕೂಡ ತನ್ನ ಮತದ ಕನ್ನಡಕದಿಂದಲೇ ನೋಡಿದವನು, ೧೫೧೭ರಲ್ಲಿ ಕಬ್ಬಾಲಾದ ಬಗ್ಗೆ ಒಂದು ಗ್ರಂಥವನ್ನೇ ಬರೆದ. ಆದರೆ ಅವನು ಯಹೂದಿ ಗುರುಗಳ ಬಳಿ ಕುಳಿತು ಹೀಬ್ರೂ ಕಲಿತಿದ್ದ. ಯಹೂದಿಗಳ ಪುಸ್ತಕಗಳನ್ನು ಕಿತ್ತು ನಾಶ ಮಾಡಬೇಕೆಂಬ ಕೂಗು ಎದ್ದಾಗ, ೧೫೧೦ರಲ್ಲಿ ಕೂಡದು ಎಂದು ಅಭಿಪ್ರಾಯ ಬರೆದುಕೊಟ್ಟ. ಅದಕ್ಕಾಗಿ ವರ್ಷಗಟ್ಟಲೆ ವಿಚಾರಣೆ ಎದುರಿಸಿದ.

೧೮೯೭ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ, ಆಗಲೇ ಹೆಸರಿಸಿದ ಶೋಲೆಮ್ ಕೂಡ ಒಂದು ರೀತಿ ಹೊರಗಿನವರೇ. ಧಾರ್ಮಿಕ ಆಚರಣೆ ಹೆಚ್ಚೇನೂ ಇಲ್ಲದ ಮನೆಯಲ್ಲಿ ಬೆಳೆದರು. ತಾವಾಗಿ ಹೀಬ್ರೂ ಕಲಿತು, ೧೯೨೩ರಲ್ಲಿ ಜೆರುಸಲೇಮಿಗೆ ಹೋಗಿ, ಮೂಲೆ ಸೇರಿದ್ದ ಹಸ್ತಪ್ರತಿಗಳನ್ನು ಓದಿದರು. ಯಹೂದಿ ಅನುಭಾವದ ಬಗ್ಗೆ ೧೯೪೧ರಲ್ಲಿ ಬಂದ ಅವರ ಪುಸ್ತಕ ಇಂದಿಗೂ ಈ ಅಧ್ಯಯನದ ಮೊದಲ ಮೆಟ್ಟಿಲು.

ಇನ್ನು ಕೆಂಪು ದಾರ. ಬೆತ್ಲೆಹೇಮಿನಲ್ಲಿ ಮಾತೆ ರಾಹೇಲಳದೆಂದು ನಂಬಲಾದ ಸಮಾಧಿಗೆ ಸುತ್ತಿದ ದಾರವನ್ನು ಕೈಗೆ ಕಟ್ಟಿಕೊಳ್ಳುವ ರೂಢಿ ಯಹೂದಿಗಳಲ್ಲಿದೆ. ಅದು ಜನಪದ ನಂಬಿಕೆ. ಹಾಲಿವುಡ್ ತಾರೆಯರ ಕೈಯಲ್ಲಿ ಕಾಣಿಸಿಕೊಂಡ ಮೇಲೆ, ೨೦೦೦ರ ನಂತರದ ವರ್ಷಗಳಲ್ಲಿ ಜಗತ್ತಿಗೆಲ್ಲ ಹರಡಿತು. ಸ್ವಾರಸ್ಯವೆಂದರೆ, ತೋಸೆಫ್ತಾ ಎಂಬ ಪ್ರಾಚೀನ ಯಹೂದಿ ಗ್ರಂಥವು ಬೆರಳಿಗೆ ಕೆಂಪು ದಾರ ಕಟ್ಟುವುದನ್ನು ಅನ್ಯಜನರ ಪದ್ಧತಿ, ನಮಗೆ ಬೇಡ ಎಂಬ ಪಟ್ಟಿಯಲ್ಲಿ ಸೇರಿಸಿದೆ! ಹಾಗೆಂದು ತಾಯಿತ, ರಕ್ಷೆ, ದೇವನಾಮಗಳ ಪ್ರಯೋಗ ಯಹೂದಿಗಳಲ್ಲಿ ಇರಲೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. 'ಪ್ರಯೋಗದ ಕಬ್ಬಾಲಾ' ಎಂಬ ಒಂದು ಕವಲು ಇತ್ತು. ಲೂರಿಯಾರಂಥ ದೊಡ್ಡವರು ಅದರಿಂದ ದೂರ ಇರಿ ಎಂದೇ ಹೇಳಿದರು. ನನ್ನ ತಪ್ಪು ಆ ಕವಲನ್ನೇ ಇಡೀ ಮರ ಎಂದದ್ದು.

ಶುಕ್ರವಾರ ಸಂಜೆ

ಹುಬ್ಬಳ್ಳಿಯ ಆ ಹಿರಿಯರನ್ನು ಮತ್ತೆ ಕೇಳಿದೆ: ನಿಮಗೆ ಕಬ್ಬಾಲಾ ಗೊತ್ತೇ? "ಇಲ್ಲವಾ. ನಮ್ಮ ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ. ಆದ್ರ ಶುಕ್ರವಾರ ಸಂಜಿಮುಂದ ಬಾ, ಒಂದು ತೋರಸ್ತೀನಿ" ಎಂದರು.

ಹೋದೆ. ಮುಂಬಯಿಯ ಒಂದು ಹಳೆಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ೨೦೦೮ರ ದಾಳಿಯಲ್ಲಿ ನರಿಮನ್ ಹೌಸ್‌ನ ಯಹೂದಿ ಕೇಂದ್ರಕ್ಕೆ ಆದ ಗತಿ ನಿಮಗೆ ನೆನಪಿದೆ. ಗುರುತಿನ ಚೀಟಿ ತೋರಿಸಿ, ಬ್ಯಾಗ್ ತಪಾಸಣೆ ಮುಗಿಸಿ ಒಳಗೆ ಹೋಗುವಾಗ ಮನಸ್ಸು ಭಾರವಾಯಿತು. ಒಳಗೆ ಹೋಗುತ್ತ ಹಿರಿಯರು ಒಂದು ವಿಷಯ ಹೇಳಿದರು. ಮುಂಬಯಿಯ ಮೊದಲ ಸಿನಗಾಗ್ ಅನ್ನು ೧೭೯೬ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಇಂಗ್ಲಿಷರ ಸೈನ್ಯದಲ್ಲಿದ್ದವರು, ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಬಿಡುಗಡೆಯಾಗಿ ಬಂದವರು. "ಅದಕ್ಕ ನಮ್ಮ ಕಥೀಯೊಳಗ ಮೈಸೂರೂ ಐತಿ ನೋಡು" ಎಂದು ನಕ್ಕರು. ದಕ್ಷಿಣಕ್ಕೆ ಹೋದರೆ ಕೊಚ್ಚಿಯಲ್ಲಿ ನೆಹೆಮಿಯಾ ಮೋತಾ ಎಂಬ ಕಬ್ಬಾಲಿಗರ ಸಮಾಧಿಯೇ ಇದೆ. ೧೬೧೫ರಲ್ಲಿ ತೀರಿಕೊಂಡ ಅವರಿಗೆ ಯಹೂದಿಗಳಷ್ಟೇ ಅಲ್ಲ, ನೆರೆಹೊರೆಯ ಬೇರೆ ಮತದವರೂ ಮೇಣದಬತ್ತಿ ಹಚ್ಚಿ ಹರಕೆ ಹೊರುತ್ತಾರೆ.

ನಾನು ಮಹಡಿಯಲ್ಲಿ ಹೆಂಗಸರ ಜೊತೆ ಕುಳಿತೆ. ಕೆಳಗೆ ಬೆರಳೆಣಿಕೆಯಷ್ಟು ಗಂಡಸರು. ಪ್ರಾರ್ಥನೆಯ ನಡುವೆ ಒಂದು ಹಾಡು ಶುರುವಾಯಿತು: 'ಲೆಖಾ ದೋದಿ'. ಯಾರೂ ಪುಸ್ತಕ ನೋಡುತ್ತಿರಲಿಲ್ಲ, ಎಲ್ಲರಿಗೂ ಬಾಯಿಪಾಠ. ಕೊನೆಯ ಚರಣ ಬರುತ್ತಿದ್ದಂತೆ ಪಕ್ಕದ ಅಜ್ಜಿ ನನ್ನ ತೋಳು ಮುಟ್ಟಿ, ಮರಾಠಿಯಲ್ಲಿ, "ತಿರುಗು, ಬಾಗಿಲ ಕಡೆ" ಎಂದರು. ಎಲ್ಲರೂ ಬಾಗಿಲಿಗೆ ಮುಖ ಮಾಡಿ ನಿಂತು, ಒಳಗೆ ಬರುವವಳೊಬ್ಬಳಿಗೆ ಎಂಬಂತೆ ತಲೆಬಾಗಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವರು ಬರಮಾಡಿಕೊಂಡದ್ದು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು, ವಧುವಿನ ರೂಪದಲ್ಲಿ.

ಆ ಹಾಡು ಬರೆದವರು ಸಫೆದ್‌ನ ಕಬ್ಬಾಲಿಗ ಶ್ಲೋಮೋ ಅಲ್ಕಬೆಟ್ಸ್. ಮೊದಲ ಎಂಟು ಚರಣಗಳ ಮೊದಲಕ್ಷರ ಕೂಡಿಸಿದರೆ ಅವರ ಹೆಸರೇ ಬರುತ್ತದೆ. ೧೬ನೇ ಶತಮಾನದಲ್ಲಿ ಅವರೆಲ್ಲ ಬಿಳಿ ಬಟ್ಟೆ ಉಟ್ಟು, ಸಂಜೆ ಹೊತ್ತು ಊರ ಹೊರಗಿನ ಹೊಲಗಳಿಗೆ ಹೋಗಿ ಆ ವಧುವನ್ನು ಎದುರುಗೊಳ್ಳುತ್ತಿದ್ದರು. ಹೊಲ ಹೋಯಿತು, ಬಾಗಿಲಿಗೆ ತಿರುಗುವುದು ಉಳಿಯಿತು. ಕಬ್ಬಾಲಾ ಗೊತ್ತಿಲ್ಲ ಎಂದ ಆ ಹಿರಿಯರು ಹುಟ್ಟಿದಂದಿನಿಂದ ಪ್ರತಿ ಶುಕ್ರವಾರ ಅದರೊಳಗೇ ನಿಂತಿದ್ದರು.

ನಾನು ಹುಡುಕುತ್ತಿದ್ದದ್ದು ಗುಟ್ಟಿನ ಪುಸ್ತಕದಲ್ಲಿ ಇರಬಹುದೆಂದುಕೊಂಡಿದ್ದೆ. ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ಒಂದು ಹಾಡಿನಲ್ಲಿ.

ನೀವು ಕುತೂಹಲಿಗಳಾಗಿದ್ದರೆ

ನಿಮ್ಮ ಊರಲ್ಲೂ ಈ ಬಾಗಿಲುಗಳಿವೆ. ಪುಣೆಯವರು ಲಾಲ್ ದೇವಳ ಎಂದು ಕರೆಯುವ ಕೆಂಪು ಗೋಪುರದ ಕಟ್ಟಡ ೧೮೬೭ರ ಓಹೆಲ್ ಡೇವಿಡ್ ಸಿನಗಾಗ್. ದೆಹಲಿಯ ಹುಮಾಯೂನ್ ರಸ್ತೆಯಲ್ಲಿ ೧೯೫೬ರ ಜೂಡಾ ಹ್ಯಾಮ್ ಸಿನಗಾಗ್ ಇದೆ. ಮುಂಬಯಿಯ ಕಾಲಾ ಘೋಡಾದಲ್ಲಿ ೧೮೮೪ರ ಕೆನೆಸೆತ್ ಎಲಿಯಾಹೂ. ಹೋಗುವ ಮೊದಲು ವಿಚಾರಿಸಿ ಅನುಮತಿ ಪಡೆಯಿರಿ. ಸಬ್ಬತ್ತಿನಂದು ಫೋಟೋ ತೆಗೆಯಬೇಡಿ. ನಮ್ಮ ವಚನದ ಶೂನ್ಯವೇ ನಿಮ್ಮ ಐನ್ ಸೋಫ್ ಎಂದು ಹೋದ ತಕ್ಷಣ ಶುರು ಮಾಡಬೇಡಿ. ಅಲ್ಲಮನನ್ನು ಪಠ್ಯವಾಗಿ ಓದಿದ ನನಗೂ ಆ ಆಸೆ ಆಗಿತ್ತು. ಹೋಲಿಕೆ ಇರಬಹುದು, ಆದರೆ ಎರಡೂ ಒಂದೇ ಎಂದುಬಿಟ್ಟರೆ ಅವರ ಮಾತು ಕೇಳುವುದು ಅಲ್ಲಿಗೇ ನಿಂತುಹೋಗುತ್ತದೆ. ಕೇಳಿ ಎಂಬುದು ಅವರಿಗೂ ದೊಡ್ಡ ಮಾತು. ಯಹೂದಿಗಳ ನಿತ್ಯ ಪ್ರಾರ್ಥನೆಯ ಮೊದಲ ಪದ 'ಶೆಮಾ', ಅಂದರೆ 'ಕೇಳು'.

ಠಾಣೆಯ ಕೇಳುಗರಿಗೆ ನನ್ನ ಉತ್ತರ ಇಷ್ಟೇ: ದಾರ ಕಟ್ಟಿಕೊಳ್ಳುವುದು ಬಿಡುವುದು ನಿಮ್ಮಿಷ್ಟ. ಅದರ ಹೆಸರು ಕಬ್ಬಾಲಾ ಎಂದು ಹಣ ತೆಗೆದುಕೊಂಡರೆ ಮಾತ್ರ, ಯಾವ ಗ್ರಂಥದಲ್ಲಿದೆ ಎಂದು ಒಮ್ಮೆ ಕೇಳಿ.

ಅದರ ಮುಂದಿನ ಭಾನುವಾರ ಕಾರ್ಯಕ್ರಮದಲ್ಲಿ ತಿದ್ದುಪಡಿ ಓದಿದೆ. ಸಫೆದ್‌ನ ಹಾಡಿನ ಬಗ್ಗೆಯೂ ಎರಡು ಮಾತು ಹೇಳಿದೆ. ಹಾಡು ಮುಗಿಯುವ ಮೊದಲೇ ಮತ್ತೆ ಫೋನ್. "ಈ ಸಲ ಛಲೋ ಹೇಳಿದಿ ತಂಗಿ. ಆದ್ರ ಲೆಖಾದಾಗಿನ 'ಖ' ಗಂಟಲದಾಗಿಂದ ಬರಬೇಕು. ಮುಂದಿನ ಶುಕ್ರವಾರ ಬಾ, ಕಲಿಸ್ತೀನಿ."

ಅಭ್ಯಾಸ ನಡೆದಿದೆ. ಭಾನುವಾರ ಎಂದಿನಂತೆ ಸಿಗೋಣ, ಕೇಳುಗರೇ. ನಮಸ್ಕಾರ.